ತುಂಡು ತಂತಿಗೆ ಏಳು ಸುತ್ತು

"ಒಂದು ಗಂಟೆ. ಅದರ ಮೇಲೆ ಒಂದು ನಿಮಿಷ ಕೂಡ ಇಲ್ಲ," ಎಂದು ಇನ್‌ಸ್ಪೆಕ್ಟರಮ್ಮ ಕಾರಿನ ಬೀಗದಕೈಯನ್ನು ಬ್ರೇಕಣ್ಣನ ಅಂಗೈಗೆ ಹಾಕಿದರು. "ಮುಟ್ಟೋದಕ್ಕೆ ಮೊದಲು ಹೇಳ್ಬೇಕು. ಬಿಚ್ಚೋದಕ್ಕೆ ಮೊದಲೂ ಹೇಳ್ಬೇಕು. ಉಸಿರಾಡೋದಕ್ಕೆ ಮಾತ್ರ ನನ್ನ ಅಪ್ಪಣೆ ಬೇಡ."

ಬ್ರೇಕಣ್ಣ ನಗಲಿಲ್ಲ. ಹನ್ನೊಂದು ದಿನದ ಕೆಳಗೆ ಈ ಕಾರಿಗೆ ಹೊಸ ಬ್ರೇಕ್ ಹಾಕಿ ಕೊಟ್ಟವನು ಅವನೇ. ಒಂಬತ್ತು ದಿನದ ಕೆಳಗೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಅದು ಗೋಡೆಗೆ ಗುದ್ದಿತ್ತು. ಕಾರಿನ ಒಡೆಯ, ಔಷಧದಂಗಡಿ ಯಜಮಾನ, ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಠಾಣೆಯ ಹಿಂದಿನ ಅಂಗಳದಲ್ಲಿ ಹಿಡಿದು ತಂದ ಗಾಡಿಗಳ ಸಾಲು. ಕೆಲವಕ್ಕೆ ಗಾಜಿಲ್ಲ, ಕೆಲವಕ್ಕೆ ಚಕ್ರವಿಲ್ಲ, ಒಂದರೊಳಗೆ ಬೆಕ್ಕು ಸಂಸಾರ ಹೂಡಿತ್ತು. ಔಷಧದಂಗಡಿಯ ಕಾರಿನ ಬಲಗಡೆಯ ಮೂತಿ ಪೂರ್ತಿ ಒಳಗೆ ಹೋಗಿತ್ತು. ಎಡಗಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ಎಡದಿಂದ ನೋಡಿದವರು ಈಗ ತಾನೇ ತೊಳೆದು ನಿಲ್ಲಿಸಿದ್ದಾರೆ ಅನ್ನಬೇಕು, ಹಾಗಿತ್ತು.

ಅವನು ಬೀಗದಕೈ ತಿರುಗಿಸಿದ. ಮುಂದಿನ ಹಲಗೆಯ ಮೇಲೆ ದೀಪಗಳೆಲ್ಲ ಹೊತ್ತಿಕೊಂಡವು, ಒಂದೊಂದಾಗಿ ಆರಿದವು. ಒಂದು ಮಾತ್ರ ಆರಲಿಲ್ಲ. ಹಳದಿ ಬಣ್ಣದ, ಸುತ್ತ ಮುರುಕು ಗೆರೆಯಿದ್ದ ಗುಂಡನೆಯ ದೀಪ. ಚಕ್ರವನ್ನು ಒತ್ತಿಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಿದೆ ಎಂದು ಹೇಳುವ ದೀಪ.

"ನೋಡಿದ್ರಾ?" ಅಂದರು ಇನ್‌ಸ್ಪೆಕ್ಟರಮ್ಮ. "ಗಾಡಿ ನಿಮ್ಮ ಗ್ಯಾರೇಜಿಗೆ ಬಂದಾಗಲೂ ಇದು ಉರೀತಿತ್ತು. ಹೋಗಿ ಗೋಡೆಗೆ ಗುದ್ದಿದಾಗಲೂ ಉರೀತಿತ್ತು. ಯಜಮಾನರ ತಮ್ಮ ಬರೆದುಕೊಟ್ಟಿದ್ದಾರೆ. ಹೊಸ ಪ್ಯಾಡ್ ಹಾಕಿದ್ರೆ ದೀಪ ಆರಬೇಕಲ್ವೇನ್ರೀ?"

"ಆರಿತ್ತು ಮೇಡಂ. ನನ್ನ ಕಣ್ಣಾರೆ ನೋಡಿ ಕಳಿಸಿದ್ದೀನಿ."

"ನಿಮ್ಮ ಕಣ್ಣು ಬಿಟ್ಟು ಬೇರೆ ಸಾಕ್ಷಿ?"

ಇರಲಿಲ್ಲ. ಬ್ರೇಕಣ್ಣನ ಗ್ಯಾರೇಜಿನಲ್ಲಿ ಅವನೊಬ್ಬನೇ. ಎತ್ತುವವನೂ ಅವನೇ, ಇಳಿಸುವವನೂ ಅವನೇ, ಸ್ಪ್ಯಾನರ್ ಎಲ್ಲಿಟ್ಟೆ ಎಂದು ಬೈದುಕೊಳ್ಳುವವನೂ ಬೈಸಿಕೊಳ್ಳುವವನೂ ಅವನೇ. ಹದಿಮೂರು ವರ್ಷದಿಂದ ಇದೇ ಕತೆ.

"ನಾಳೆ ಬೆಳಿಗ್ಗೆ ಕಾಗದ ಕೋರ್ಟಿಗೆ ಹೋಗತ್ತೆ," ಅಂದರು ಅವರು, ಸ್ವಲ್ಪ ಮೆತ್ತಗೆ. "ಬೇರೆ ಯಾರಾದ್ರೂ ಕೈಯಾಡಿಸಿದ್ದಾರೆ ಅಂತ ತೋರಿಸಿ. ಇಲ್ದಿದ್ರೆ ಹಳೇ ಪ್ಯಾಡ್ ಬಿಟ್ಟು ಹೊಸದು ಹಾಕಿದೆ ಅಂದ ಮೇಸ್ತ್ರಿ ಅಂತ ನಿಮ್ಮ ಹೆಸರೇ ಬರಿಯೋದು. ಆ ಮನುಷ್ಯ ಸತ್ತರೆ ಇನ್ನೂ ದೊಡ್ಡದಾಗಿ ಬರಿಯೋದು."

ಮೂವತ್ತು ವರ್ಷ ಸಂಪಾದಿಸಿದ ಹೆಸರು. ಮಕ್ಕಳಿಲ್ಲ, ಮನೆಯವರಿಲ್ಲ, ಬ್ಯಾಂಕಿನಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ. "ಬ್ರೇಕ್ ಅಂದ್ರೆ ಬ್ರೇಕಣ್ಣ" ಅನ್ನುವ ಆ ಒಂದು ಮಾತು ಬಿಟ್ಟರೆ ಅವನ ಹತ್ತಿರ ಇನ್ನೇನೂ ಇರಲಿಲ್ಲ. ಅದೂ ಹೋದರೆ ಬೆಳಿಗ್ಗೆ ಎದ್ದು ಮಾಡುವುದಾದರೂ ಏನು ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ಬಾನೆಟ್ ಎತ್ತುತೀನಿ," ಅಂದ.

"ಎತ್ತಿ."

ಬ್ರೇಕ್ ಎಣ್ಣೆಯ ಡಬ್ಬಿಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದ. ಎಣ್ಣೆ ತಿಳಿಯಾಗಿತ್ತು, ಹೊಸದು, ಅವನೇ ಹಾಕಿದ್ದು. ಆದರೆ ಮೇಲಿನ ಗೆರೆಯವರೆಗೆ ತುಂಬಿಸಿದ್ದು ಈಗ ಎರಡು ಬೆರಳು ಕೆಳಗಿತ್ತು. ಬಗ್ಗಿ ಕೊಳವೆಗಳನ್ನೆಲ್ಲ ಸವರಿದ. ಒಂದು ತೊಟ್ಟೂ ಸೋರಿರಲಿಲ್ಲ.

"ದಪ್ಪ ಪ್ಯಾಡ್ ಇದ್ದರೆ ಎಣ್ಣೆ ಮೇಲೆ ನಿಲ್ಲತ್ತೆ ಮೇಡಂ. ಪ್ಯಾಡ್ ತೆಳ್ಳಗಾದ ಹಾಗೆ ಎಣ್ಣೆ ಕೆಳಗಿಳಿದು ಚಕ್ರದ ಕಡೆ ಹೋಗತ್ತೆ. ನಾನು ತುಂಬಿಸಿದಾಗ ಒಳಗೆ ದಪ್ಪ ಪ್ಯಾಡ್ ಇತ್ತು. ಆಮೇಲೆ ಯಾರೋ ತೆಳ್ಳಗಿನದು ಹಾಕಿದ್ದಾರೆ."

"ಅಥವಾ ನೀವು ತುಂಬಿಸಿದ್ದೇ ಅಷ್ಟು."

"ಚಕ್ರ ಬಿಚ್ಚುತೀನಿ," ಎಂದು ಅವನು ಮುಂದಿನ ಎಡಚಕ್ರ ಬಿಚ್ಚಿದ. ಈ ಕಾರಿನಲ್ಲಿ ಸೆನ್ಸರ್ ಇರುವುದು ಆ ಒಂದು ಚಕ್ರಕ್ಕೆ ಮಾತ್ರ. ಸೆನ್ಸರ್ ಅಂದರೆ ಮಹಾ ಏನಲ್ಲ: ಪ್ಯಾಡಿನ ಮೈಯಲ್ಲಿ ಹುದುಗಿಸಿಟ್ಟ ಒಂದು ಗೇಣು ತಂತಿ. ಪ್ಯಾಡ್ ಸವೆಯುತ್ತ ಬಂದು ಆ ತಂತಿಯ ತುದಿ ಉಜ್ಜಿ ಕಡಿದುಹೋದರೆ ದೀಪ ಹೊತ್ತಿಕೊಳ್ಳುತ್ತದೆ. ಪ್ಯಾಡ್ ಬದಲಿಸಿದವರು ಸೆನ್ಸರನ್ನೂ ಬದಲಿಸಬೇಕು. ಮರೆತರೆ ಹೊಸ ಪ್ಯಾಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಅವನು ಸೆನ್ಸರಿನ ಪ್ಲಗ್ ಕಿತ್ತು, ಗಾಡಿಯ ಕಡೆಯ ಎರಡು ತೂತಿಗೂ ಒಂದು ತುಂಡು ತಂತಿ ಸೇರಿಸಿದ. ಕಾರಿನೊಳಗೆ ಕೂತಿದ್ದ ಇನ್‌ಸ್ಪೆಕ್ಟರಮ್ಮ ಕೂಗಿದರು: "ಅರೆ! ಆರಿಹೋಯ್ತು!"

"ಹಾಗಾದ್ರೆ ಗಾಡಿ ವೈರಿಂಗ್ ಸರಿಯಾಗಿದೆ. ದೀಪ ಸುಳ್ಳು ಹೇಳ್ತಿಲ್ಲ. ಸೆನ್ಸರೇ ಕಡಿದಿದೆ."

ಪ್ಯಾಡುಗಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ. ಸವೆದು ಸವೆದು ಉಕ್ಕಿನ ತಗಡು ಕಾಣುತ್ತಿತ್ತು. ಇವುಗಳ ಗುರುತು ಅವನಿಗಿತ್ತು. ಒಂದರ ಮೂಲೆ ಒಡೆದದ್ದೂ ನೆನಪಿತ್ತು. ಇವನ್ನು ಅವನೇ ತೆಗೆದು, ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಟ್ಟಿದ್ದ. ತೆಗೆದ ಹಳೆಯ ಸಾಮಾನನ್ನು ಗಿರಾಕಿಗೆ ಹಿಂದಿರುಗಿಸುವುದು ಅವನ ಗ್ಯಾರೇಜಿನ ಪದ್ಧತಿ. ಏನು ತೆಗೆದಿದ್ದಾನೆ ಅಂತ ಅವರ ಕಣ್ಣಿಗೆ ಕಾಣಲಿ ಎಂದು.

"ನಾನು ಹಾಕೋ ಪ್ರತಿ ಪ್ಯಾಡಿನ ಬೆನ್ನಿಗೆ ಮೂರು ಚುಕ್ಕೆ ಹೊಡೀತೀನಿ ಮೇಡಂ, ಉಳಿಯಲ್ಲಿ. ಇದರಲ್ಲಿ ಇಲ್ಲ. ನನ್ನ ಪ್ಯಾಡ್ ತೆಗೆದು, ಡಿಕ್ಕಿ ಚೀಲದಲ್ಲಿದ್ದ ಇದನ್ನ ವಾಪಸ್ ಹಾಕಿದ್ದಾರೆ."

"ಚುಕ್ಕೆ ಹೊಡೆಯೋರೂ ನೀವೇ. ಹೊಡೀದೇ ಇರೋರೂ ನೀವೇ ಆಗಬಹುದು." ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡಿಕೊಂಡರು. "ಇಪ್ಪತ್ತು ನಿಮಿಷ ಇದೆ."

ಆಗ ಅವನ ಬೆರಳು ಹಳೆಯ ಸೆನ್ಸರಿನ ತಂತಿಯ ಮೇಲೆ ಜಾರುತ್ತ ಹೋಗಿ, ನಡುವೆ ಒಂದು ಉಬ್ಬಿಗೆ ತಗಲಿ ನಿಂತಿತು.

ತೆಗೆದ ಸೆನ್ಸರಿನ ತಂತಿಯನ್ನು ನಡುಮಧ್ಯೆ ಕತ್ತರಿಸಿಬಿಡುವುದು ಅವನ ಇನ್ನೊಂದು ಪದ್ಧತಿ. ಕೆಟ್ಟದ್ದನ್ನು ಒರೆಸಿ ಹೊಸದೆಂದು ಇನ್ನೊಬ್ಬರ ಗಾಡಿಗೆ ಯಾರೂ ಹಾಕದಿರಲಿ ಎಂದು. ಇದನ್ನೂ ಕತ್ತರಿಸಿಯೇ ಆ ಚೀಲಕ್ಕೆ ಹಾಕಿದ್ದ. ಕತ್ತರಿಸಿದ ಜಾಗದಲ್ಲಿ ಈಗ ಕಪ್ಪು ಟೇಪು.

"ಟೇಪ್ ಬಿಚ್ಚುತೀನಿ," ಎಂದ.

ಟೇಪಿನ ಕೆಳಗೆ ಎರಡು ತಾಮ್ರದ ಎಳೆಗಳು ಒಂದರ ಮೈಗೆ ಒಂದು ಸುತ್ತಿಕೊಂಡು ಮಲಗಿದ್ದವು. ಆ ಕಡೆ ಏಳು ಸುತ್ತು, ಈ ಕಡೆ ಏಳು ಸುತ್ತು. ಸುತ್ತಿಗೆ ಸುತ್ತು ತಾಗಿ, ನಡುವೆ ಕೂದಲು ತೂರಿಸಲೂ ಜಾಗವಿರಲಿಲ್ಲ. ತುದಿಗಳನ್ನು ಇಕ್ಕಳದಲ್ಲಿ ಒತ್ತಿ, ಕೈಗೆ ಚುಚ್ಚದ ಹಾಗೆ ಒಳಗೆ ಮಡಚಿದ್ದರು.

ಬ್ರೇಕಣ್ಣ ಸುತ್ತುಗಳನ್ನು ಇನ್ನೊಮ್ಮೆ ಎಣಿಸಿದ.

"ಇದೇನು ವಿಶೇಷ?" ಇನ್‌ಸ್ಪೆಕ್ಟರಮ್ಮ ಬಗ್ಗಿದರು.

"ಕತ್ತರಿಸಿದ ತಂತಿ ಸೇರಿಸಿದ್ದಾರೆ. ಕತ್ತರಿಸಿದೋನು ನಾನು. ನಾನೇ ಕತ್ತರಿಸಿ ನಾನೇ ಸೇರಿಸೋಕೆ ನನಗೇನು ಹುಚ್ಚೇ? ಅದೂ ಅಲ್ಲದೆ ಇದನ್ನ ಸೇರಿಸಿ ಎಳ್ಳಷ್ಟೂ ಉಪಯೋಗ ಇಲ್ಲ. ತುದಿಯಲ್ಲೇ ಸವೆದು ಕಡಿದಿರೋ ಸೆನ್ಸರ್ ಇದು. ನಡುವೆ ಸೇರಿಸಿದರೂ ದೀಪ ಉರಿಯತ್ತೆ, ಬಿಟ್ಟರೂ ಉರಿಯತ್ತೆ. ಕತ್ತರಿಸಿದ್ದು ಮುಚ್ಚಿಡಬೇಕು ಅಂದ್ರೆ ಹಾಗೇ ಟೇಪ್ ಸುತ್ತಿದ್ರೆ ಸಾಕಿತ್ತು."

"ಮತ್ತೆ ಯಾಕೆ ಇಷ್ಟು ಚಂದ ಮಾಡಿದ್ದಾರೆ?"

"ತುಂಡಾದ ತಂತಿ ಕೈಗೆ ಬಂದರೆ ಹಾಗೇ ಬಿಡಕ್ಕಾಗಲ್ಲ, ಅಂಥ ಕೈ ಇದು," ಅಂದ ಬ್ರೇಕಣ್ಣ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಇನ್‌ಸ್ಪೆಕ್ಟರಮ್ಮ ತಂತಿಯನ್ನು ಬಿಟ್ಟು ಅವನ ಮುಖ ನೋಡಿದರು. "ಯಾರ ಕೈ?"

"ಗೊತ್ತಿಲ್ಲ ಮೇಡಂ."

"ಸುಳ್ಳು ಹೇಳೋಕೆ ನಿಮಗೆ ಬರಲ್ಲ ಕಣ್ರೀ. ಅಭ್ಯಾಸ ಇಲ್ಲ ಅಂತ ಕಾಣತ್ತೆ." ಅವರು ಸೆನ್ಸರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಒತ್ತಿದರು. "ಸಂಜೆ ಐದರೊಳಗೆ ಫೋನ್ ಮಾಡಿ. ಆ ಕೈಯೋ, ನಿಮ್ಮ ಹೆಸರೋ, ನೀವೇ ಆರಿಸ್ಕೊಳ್ಳಿ."

ಮೊಹರು ಬೀಳುವ ಮೊದಲು ಅವನು ಜೇಬಿನ ಪುಟ್ಟ ಪುಸ್ತಕದಲ್ಲಿ ಆ ಸುತ್ತುಗಳ ಚಿತ್ರವನ್ನು ಕಂಡಂತೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ. ಯಾಕೆ ಬರೆದುಕೊಂಡೆ ಎಂದು ಅವನಿಗೇ ತಿಳಿದಿರಲಿಲ್ಲ.

*

ಹೀಗೆ ತಂತಿ ಸೇರಿಸುವ ಒಬ್ಬನೇ ಒಬ್ಬ ಮನುಷ್ಯ ಅವನಿಗೆ ಗೊತ್ತಿದ್ದ. ಅಂದು ಭಾನುವಾರವಾದ್ದರಿಂದ, ಆ ಮನುಷ್ಯ ಈಗಾಗಲೇ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಕಾಯುತ್ತ ಕೂತಿದ್ದ.

ಭಾವ. ಬ್ರೇಕಣ್ಣನ ಹೆಂಡತಿಯ ಅಣ್ಣ. ಮೂವತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಲೈನ್‌ಮನ್. ಏಳೇಳು ಸುತ್ತಿನ ಈ ಜೋಡಣೆ ಲೈನ್‌ಮನ್ನರದ್ದು. ಕಂಬದಿಂದ ಕಂಬಕ್ಕೆ ಬಿಗಿದ ತಂತಿ ಗಾಳಿಗೆ ಜಗ್ಗಿದರೂ ಬಿಡದ ಹಾಗೆ ಹಾಕುವಂಥದ್ದು. ಗ್ಯಾರೇಜಿನವರು ಯಾರೂ ಹೀಗೆ ಕೂತು ಸುತ್ತುವುದಿಲ್ಲ. ಬ್ರೇಕಣ್ಣನಿಗೂ ಭಾವನೇ ಒಂದು ಸಲ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದ. ಅವನು ಅಂದೇ ಕಲಿತು ಅಂದೇ ಬಿಟ್ಟಿದ್ದ.

ಹದಿಮೂರು ವರ್ಷದ ಕೆಳಗೆ ಹೆಂಡತಿ ಮನೆ ಬಿಟ್ಟು ಹೋದಳು. ಎಲ್ಲಿಗೆ ಎಂದು ಹೇಳಲಿಲ್ಲ, ಆಮೇಲೆ ಒಂದು ಕಾಗದವೂ ಇಲ್ಲ. ಭಾವ ಮಾತ್ರ ಭಾನುವಾರ ತಪ್ಪಿಸಲಿಲ್ಲ. ಬಾಗಿಲಲ್ಲಿ ಬ್ರೇಕಣ್ಣ "ಏನಾದ್ರೂ ಸುದ್ದಿ?" ಎಂದು ಕೇಳುತ್ತಿದ್ದ. ಭಾವ "ಇಲ್ಲಪ್ಪ" ಅನ್ನುತ್ತಿದ್ದ. ಆಮೇಲೆ ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ವಾರದ ಉಳಿದ ಆರು ದಿನ ಆ ಕೋಣೆಯಲ್ಲಿ ಮಾತಾಡುವುದು ರೇಡಿಯೋ ಮಾತ್ರ.

ಈ ಭಾವನನ್ನು ಪೊಲೀಸರ ಕೈಗೆ ಕೊಟ್ಟರೆ ಹೆಸರು ಉಳಿಯುತ್ತದೆ, ಭಾನುವಾರ ಹೋಗುತ್ತದೆ. ಇದನ್ನೇ ಯೋಚಿಸುತ್ತ ಬ್ರೇಕಣ್ಣ ಮೆಟ್ಟಿಲು ಹತ್ತಿದ.

"ಬಾರಯ್ಯ, ಆರಿ ತಣ್ಣಗಾಗಿದೆ ಎಲ್ಲ," ಅಂದ ಭಾವ. "ಏನಂತೆ ಆ ಯಮ್ಮ?"

ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನು ಬ್ರೇಕಣ್ಣ ಇಂದು ಕೇಳಲಿಲ್ಲ. ನೇರ ಹೋಗಿ ಮೇಜಿನ ಫ್ಯಾನಿನ ಪ್ಲಗ್ ಕಿತ್ತು, ಕತ್ತರಿ ತೆಗೆದು, ವೈರನ್ನು ಕಚ್ಚೆಂದು ಕತ್ತರಿಸಿದ.

"ಅಯ್ಯೋ! ತಲೆ ಕೆಟ್ಟಿದ್ಯೇನೋ? ಈ ಸೆಕೆಯಲ್ಲಿ?"

"ಸೇರಿಸಿ ಕೊಡಿ ಭಾವ."

ಭಾವ ಅವನನ್ನೇ ದಿಟ್ಟಿಸಿದ. ಆಮೇಲೆ ಗೊಣಗುತ್ತಲೇ ಅಂಗಿಯ ಜೇಬಿನಿಂದ ಇಕ್ಕಳ ತೆಗೆದ. ನಿವೃತ್ತನಾಗಿ ಏಳು ವರ್ಷವಾದರೂ ಆ ಇಕ್ಕಳ ಜೇಬು ಬಿಟ್ಟಿರಲಿಲ್ಲ. ಮದುವೆಮನೆಗೂ ಹಾಕಿಕೊಂಡೇ ಹೋಗುತ್ತಾನೆ ಎಂದು ನೆಂಟರೆಲ್ಲ ನಗುತ್ತಿದ್ದರು. ರಬ್ಬರು ಸುಲಿದ, ಎಳೆಗಳನ್ನು ಒಂದರ ಮೇಲೊಂದು ಅಡ್ಡ ಹಾಕಿದ, ಸುತ್ತತೊಡಗಿದ. ಒಂದು, ಎರಡು, ಮೂರು. ಬ್ರೇಕಣ್ಣ ಮನಸ್ಸಿನಲ್ಲೇ ಎಣಿಸುತ್ತಿದ್ದ. ಏಳಕ್ಕೆ ಭಾವನ ಕೈ ನಿಂತಿತು.

"ಔಷಧದಂಗಡಿ ಕಾರಿನ ಸೆನ್ಸರ್ ತಂತೀಲೂ ಏಳೇ ಇತ್ತು ಭಾವ," ಅಂದ ಬ್ರೇಕಣ್ಣ. "ತುದಿ ಒಳಗೆ ಮಡಚಿತ್ತು. ಪೊಲೀಸರ ಹತ್ತಿರ ಇದೆ ಅದು."

ಭಾವನ ಕೈಯಿಂದ ಇಕ್ಕಳ ಜಾರಿ ಊಟದ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.

"ನಾನೇ," ಅಂದ.

"ನೀವಾ?"

"ಹ್ಞೂಂ. ನಾನೇ ಮಾಡಿದ್ದು. ಹೋಗು, ಹೇಳು ಆ ಯಮ್ಮನಿಗೆ."

"ಯಾಕೆ ಭಾವ? ನಾನು ನಿಮಗೇನು ಮಾಡಿದ್ದೆ? ಹದಿಮೂರು ವರ್ಷ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಂಡಿದ್ದೀವಲ್ಲ!" ಬ್ರೇಕಣ್ಣ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದ. "ನನಗೆ ಅಂತ ಇನ್ಯಾರಿದ್ದಾರೆ?"

"ಯಾಕೆ ಅಂತೆಲ್ಲ ಕೇಳಬೇಡ. ಮಾಡಿದೆ ಅಂದೆನಲ್ಲ, ಮುಗೀತು."

ಮುಗಿದಿರಲಿಲ್ಲ. ಮೇಜಿನ ಮೇಲೆ ಅರ್ಧ ಸೇರಿಸಿದ ವೈರ್ ಬಿದ್ದಿತ್ತು. ಬ್ರೇಕಣ್ಣನ ಕಣ್ಣು ಅದರ ಮೇಲೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಅಂಗಳದಲ್ಲಿದ್ದಾಗಿನಿಂದ ತಲೆಯೊಳಗೆ ಏನೋ ಒಂದು ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ಈಗ ಅದು ಏನೆಂದು ತಿಳಿಯಿತು.

ಜೇಬಿನಿಂದ ಪುಸ್ತಕ ತೆಗೆದು ವೈರಿನ ಪಕ್ಕದಲ್ಲಿಟ್ಟ. ಭಾವನ ಸುತ್ತುಗಳೆಲ್ಲ ಬಲಕ್ಕೆ ವಾಲಿದ್ದವು. ಚಿತ್ರದಲ್ಲಿನ ಸುತ್ತುಗಳು ಎಡಕ್ಕೆ ವಾಲಿದ್ದವು. ವೈರನ್ನು ತಿರುಗಿಸಿ ನೋಡಿದ, ಆ ತುದಿಯಿಂದ ನೋಡಿದ, ಈ ತುದಿಯಿಂದ ನೋಡಿದ. ಹೇಗೆ ಹಿಡಿದರೂ ಅಷ್ಟೇ. ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲ ಸರಿ, ದಿಕ್ಕು ಮಾತ್ರ ಉಲ್ಟಾ.

"ನೀವಲ್ಲ ಭಾವ."

"ನಾನೇ ಅಂತ ಹೇಳ್ತಿದ್ದೀನಲ್ಲ!"

"ಮೂವತ್ತಾರು ವರ್ಷ ಬಲಕ್ಕೆ ಸುತ್ತಿದ ಕೈ ಒಂದು ದಿನ ಎಡಕ್ಕೆ ಸುತ್ತಲ್ಲ. ನಿಮ್ಮ ಪಕ್ಕದಲ್ಲಿ ನಿಂತು ಕಲಿತೋನು ನಾನು, ನಾನೂ ಬಲಕ್ಕೇ ಸುತ್ತೋದು. ಇದು ನಿಮ್ಮ ಎದುರಿಗೆ ಕೂತು ಕಲಿತವರ ಕೈ. ನೀವು ಮಾಡಿದ್ದನ್ನ ಎದುರಿಂದ ನೋಡಿ ಹಾಗ್ಹಾಗೇ ಮಾಡಿದ್ದಾರೆ, ಅದಕ್ಕೇ ಉಲ್ಟಾ ಬಂದಿದೆ." ಅವನು ಕುರ್ಚಿಯನ್ನು ಹತ್ತಿರ ಎಳೆದ. "ಎದುರಿಗೆ ಕೂತು ಕಲಿತೋರು ಯಾರು ಭಾವ? ಯಾರನ್ನ ಉಳಿಸೋಕೆ ಒದ್ದಾಡ್ತಾ ಇದ್ದೀರಿ?"

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅವಳಿಗಾಗ ಒಂಬತ್ತು ವರ್ಷ," ಅಂದ, ಬೆರಳುಗಳ ಸಂದಿಯಿಂದ. "ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮನೇಲಿ ಕೂತು ಅಭ್ಯಾಸ ಮಾಡ್ತಿದ್ದೆ. ಎದುರಿಗೆ ಬಂದು ಕೂರೋಳು. ಅಣ್ಣ, ನಂಗೂ ಒಂದು ತುಂಡು ಕೊಡು ಅನ್ನೋಳು."

ಭಾವನನ್ನು ಅಣ್ಣ ಎನ್ನುವವಳು ಒಬ್ಬಳೇ: ಬ್ರೇಕಣ್ಣನ ಹೆಂಡತಿ.

ಗ್ಯಾರೇಜಿನಲ್ಲಿ ಅವಳು ಚಕ್ರದ ಕೆಲಸ ನೋಡುತ್ತಿದ್ದಳು, ವೈರಿನ ಕೆಲಸ ಅವನದು. ಅವಳು ತಂತಿ ಸುತ್ತಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಆದರೆ ಪ್ಯಾಡಿಗೆ ಮೂರು ಚುಕ್ಕೆ ಹೊಡೆಯುವುದನ್ನು ಶುರು ಮಾಡಿದ್ದೇ ಅವಳು. ಹಳೆಯ ಸಾಮಾನಿಗೆ ಬಟ್ಟೆಯ ಚೀಲ ಹೊಲಿದವಳೂ ಅವಳು. ಸವೆದ ಸೆನ್ಸರಿನ ತಂತಿ ಕತ್ತರಿಸಿಬಿಡು ಅಂದವಳೂ ಅವಳೇ. ಅವನ ಗ್ಯಾರೇಜಿನ ಗುಟ್ಟನ್ನೆಲ್ಲ ಬಲ್ಲ ಕೈ ಇನ್ಯಾವುದು ಇರಲು ಸಾಧ್ಯ? ಇಷ್ಟು ಹೊತ್ತು ಅದು ಹೊಳೆಯದೆ ಹೋಗಿದ್ದು, ಅವಳು ಎಲ್ಲೋ ಸತ್ತೇ ಹೋಗಿರಬೇಕು ಎಂದು ಅವನು ಒಳಗೊಳಗೇ ನಂಬಿಬಿಟ್ಟಿದ್ದರಿಂದ.

"ಇವತ್ತು ಬಾಗಿಲಲ್ಲಿ ನೀನು ಕೇಳಲೇ ಇಲ್ಲ," ಅಂದ ಭಾವ. "ಕೇಳಿದ್ದಿದ್ರೆ ಈ ಸಲ ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಹೋದ ತಿಂಗಳು ಬಂದಿದ್ದಳು. ಅರ್ಧ ಗಂಟೆ ಕೂತಳು, ಅಷ್ಟೇ. ಎಲ್ಲಿದ್ದೀಯ ಅಂದ್ರೆ ಹೇಳಲಿಲ್ಲ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಳು."

"ನನ್ನ ಬಗ್ಗೆ ಏನಾದ್ರೂ ಕೇಳಿದಳಾ?"

"ಒಂದೇ ಮಾತು ಕೇಳಿದಳು. ಆ ದಿನ ಅಂದಿದ್ದು ಸುಳ್ಳು ಅಂತ ಅವನು ಯಾರ ಹತ್ತಿರನಾದ್ರೂ ಒಪ್ಪಿಕೊಂಡಿದ್ದಾನಾ ಅಂತ. ಯಾವ ದಿನ, ಏನು ಸುಳ್ಳು? ನನಗೆ ಒಂದೂ ಅರ್ಥ ಆಗಲಿಲ್ಲ."

ಬ್ರೇಕಣ್ಣನಿಗೆ ಅರ್ಥವಾಯಿತು.

ಹದಿಮೂರು ವರ್ಷದ ಕೆಳಗೆ ಒಬ್ಬ ಗಿರಾಕಿಯ ಕಾರಿನ ಬ್ರೇಕಿಗೆ ಒಂದು ಬೋಲ್ಟು ಬಿಗಿಯುವುದನ್ನು ಅವನು ಮರೆತಿದ್ದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಗಿರಾಕಿ ಬೀದಿಯ ಜನರನ್ನೆಲ್ಲ ಸೇರಿಸಿ ಕೂಗಾಡಿದಾಗ ಅವನ ಬಾಯಿಂದ ಬಂದದ್ದು ಇದು: "ಆ ಚಕ್ರ ನಾನು ಮುಟ್ಟಿಲ್ಲ ಸ್ವಾಮಿ. ನನ್ನ ಹೆಂಡತಿ ಮಾಡಿದ್ದು." ಅವಳು ಪಕ್ಕದಲ್ಲೇ ನಿಂತಿದ್ದಳು, ಕೈಯೆಲ್ಲ ಗ್ರೀಸು. ಅವನನ್ನೇ ನೋಡಿದಳು. ಅವನಿಗಿಂತ ಒಳ್ಳೆಯ ಕೆಲಸಗಾತಿ ಅವಳು. ಅಂದಿನಿಂದ ಒಬ್ಬ ಗಿರಾಕಿಯೂ ಅವಳ ಕೈಗೆ ಗಾಡಿ ಕೊಡಲಿಲ್ಲ. ನಾಲ್ಕನೆಯ ದಿನ ಹೊರಟುಹೋದಳು. ತನ್ನ ತಪ್ಪನ್ನು ಅವಳ ತಲೆಗೆ ಕಟ್ಟಿ ಉಳಿಸಿಕೊಂಡ ಹೆಸರನ್ನೇ ಅವನು ಇಷ್ಟು ವರ್ಷ ಒಬ್ಬನೇ ಕೂತು ಒರೆಸಿ ಒರೆಸಿ ಇಟ್ಟುಕೊಂಡಿದ್ದ.

"ಅವಳು ಯಾರಿಗೂ ಕೇಡು ಬಯಸೋಳಲ್ಲ ಕಣೋ," ಅಂದ ಭಾವ. "ಆ ಔಷಧದಂಗಡಿಯವನು ಅವಳಿಗೆ ಏನಾಗಬೇಕು? ಏನೋ ಬೇರೆ ಇದೆ ಇದರಲ್ಲಿ. ಪೊಲೀಸರಿಗೆ ನಾನೇ ಅಂತ ಹೇಳು. ನನಗೇನು, ವಯಸ್ಸಾಯ್ತು."

ಅಷ್ಟರಲ್ಲಿ ಬ್ರೇಕಣ್ಣನ ಫೋನು ಬಡಿದುಕೊಂಡಿತು. ಐದಕ್ಕೆ ಇನ್ನೂ ಎರಡು ಗಂಟೆಯಿತ್ತು. ಆದರೂ ಇನ್‌ಸ್ಪೆಕ್ಟರಮ್ಮನೇ.

"ಬ್ರೇಕಣ್ಣ, ಒಳ್ಳೇ ಸುದ್ದಿ. ಯಜಮಾನರಿಗೆ ಪ್ರಜ್ಞೆ ಬಂತು. ಎರಡು ಮಾತಾಡಿ ಮತ್ತೆ ನಿದ್ದೆಗೆ ಜಾರಿದ್ದಾರೆ. ನಿಮ್ಮ ಗ್ಯಾರೇಜಿಂದ ಬಂದಾಗ ದೀಪ ಆರಿತ್ತಂತೆ. ನೀವು ಹೇಳಿದ್ದು ನಿಜ."

ಒಂಬತ್ತು ದಿನದಿಂದ ಕಾದಿದ್ದ ಮಾತು. ಬಂದಾಗ ಅವನಿಗೆ ಯಾವ ಸಂತೋಷವೂ ಆಗಲಿಲ್ಲ.

"ಮಾರನೇ ದಿನ ಒಬ್ಬ ಹೆಂಗಸು ಮನೆ ಬಾಗಿಲಿಗೆ ಬಂದಿದ್ದಳಂತೆ. ಬ್ರೇಕಣ್ಣನ ಗ್ಯಾರೇಜಿಂದ ಬಂದಿದ್ದೀನಿ, ಒಂದು ಬೋಲ್ಟು ಬಿಗಿಯೋದು ಮರೆತಿದ್ದಾರೆ ಅಂದಳಂತೆ. ಕೈಯಲ್ಲಿ ಸ್ಪ್ಯಾನರ್, ಮೈಮೇಲೆ ಗ್ಯಾರೇಜಿನ ಕೋಟು. ಒಂದು ಗಂಟೆ ಕೆಲಸ ಮಾಡಿ, ದೀಪ ಉರಿಯತ್ತೆ, ಎರಡು ದಿನದಲ್ಲಿ ತಾನಾಗೇ ಆರತ್ತೆ, ಚಿಂತೆ ಮಾಡಬೇಡಿ ಅಂದು ಹೋದಳಂತೆ." ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು. "ನಿಮ್ಮಲ್ಲಿ ಹೆಂಗಸರು ಯಾರು ಕೆಲಸ ಮಾಡ್ತಾರೆ?"

ಭಾವ ಎರಡೂ ಕೈ ಜೋಡಿಸಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಬೋಲ್ಟು ಮರೆತಿದ್ದಾರೆ. ಅಷ್ಟು ಮಾತನ್ನು ಅವಳು ಇವನ ಕಿವಿಗೆ ಬೀಳಲೆಂದೇ ಅಲ್ಲಿ ಬಿಟ್ಟು ಹೋಗಿದ್ದಳು. ಅವಳು ಬದುಕಿದ್ದಾಳೆ ಎಂದು ಬ್ರೇಕಣ್ಣನ ಜೀವ ಒಂದು ಕಡೆ ಕುಣಿಯುತ್ತಿತ್ತು. ಅಂದು ಸುಳ್ಳು ಹೇಳಿದ ಬಾಯಿಯಿಂದಲೇ ಇನ್ನೊಂದು ಸಲ ಅವಳ ಹೆಸರು ಹೇಳಬೇಕಲ್ಲ ಎಂದು ಇನ್ನೊಂದು ಕಡೆ ಸುಡುತ್ತಿತ್ತು.

"ಹದಿಮೂರು ವರ್ಷದಿಂದ ಯಾರೂ ಇಲ್ಲ ಮೇಡಂ," ಅಂದ.

ಆ ಕಡೆ ಇನ್‌ಸ್ಪೆಕ್ಟರಮ್ಮ ಅದನ್ನು ಬರೆದುಕೊಂಡರು.

"ಅದಕ್ಕೆ ಮುಂಚೆ?"